ಹಿಂದೆ ನಿಂತ ತೇರು: ಹಳೆಯ ಫೋಟೊಗಳ ಹಿನ್ನೆಲೆ ದುರಸ್ತಿ

ಹಳೆಯ ಫೋಟೊವೊಂದನ್ನು ಕೈಗೆತ್ತಿಕೊಂಡವರ ಕಣ್ಣು ಮೊದಲು ಹೋಗುವುದು ಮುಖಗಳ ಮೇಲೆ. ಕುರ್ಚಿಯಲ್ಲಿ ಕುಳಿತವರು ಯಾರು, ಹಿಂದೆ ನಿಂತವರು ಯಾರು, ಮಡಿಲಲ್ಲಿರುವ ಮಗು ಯಾರದು ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಕೂಡಲೇ ನೋಡುವ ಕೆಲಸ ಮುಗಿಯಿತೆಂದು ಭಾವಿಸುವುದು ವಾಡಿಕೆ. ಆ ಮುಖಗಳ ಸುತ್ತ ಉಳಿಯುವ ಜಾಗವನ್ನು, ಎಂದರೆ ಗೋಡೆ, ಪರದೆ, ಮರ, ಬೀದಿ, ಬೆಟ್ಟ, ಆಕಾಶ ಇವೆಲ್ಲವನ್ನೂ ಒಟ್ಟಾಗಿ ಹಿನ್ನೆಲೆ ಎಂದು ಕರೆಯುತ್ತಾರೆ. ಹಳೆಯ ಫೋಟೊಗಳಲ್ಲಿ ಮೊದಲು ಹಾಳಾಗುವುದು ಹೆಚ್ಚಾಗಿ ಈ ಹಿನ್ನೆಲೆಯೇ. ಏಕೆಂದರೆ ಕಟ್ಟಿನ ಸಂದಿಯಿಂದ ಒಳಗಿಳಿಯುವ ತೇವ, ಮೂಲೆಗೆ ಹಚ್ಚಿದ ಅಂಟು, ಹಿಡಿದವರ ಬೆರಳಿನ ಬೆವರು ಎಲ್ಲವೂ ಅಂಚಿನಿಂದ ನಡುವಿನ ಕಡೆಗೆ ಸರಿಯುತ್ತವೆ, ಛಾಯಾಗ್ರಾಹಕರಾದರೋ ಮುಖಗಳನ್ನು ನಡುವಿನಲ್ಲಿ ಇಡುತ್ತಾರೆ. ಚಿತ್ರ ತಿದ್ದುವ ತಂತ್ರಾಂಶ, ಎಂದರೆ ಕಂಪ್ಯೂಟರಿನ ಸಾಫ್ಟ್‌ವೇರ್, ಅತ್ಯಂತ ಸಲೀಸಾಗಿ ಸರಿಪಡಿಸುವುದೂ ಈ ಹಿನ್ನೆಲೆಯನ್ನೇ. ಮುಖದಲ್ಲಿ ಒಂದು ಗೆರೆ ತಪ್ಪಿದರೂ ಮನೆಯವರು ಹಿಡಿದುಬಿಡುತ್ತಾರೆ. ಹಿನ್ನೆಲೆಯಲ್ಲಿ ಒಂದು ಮನೆಯೇ ಮಾಯವಾದರೂ ಕೇಳುವವರಿರುವುದಿಲ್ಲ.

ಈ ಭಾಷಣದ ವಿಷಯ ಒಂದೇ: ಚಿತ್ರದ ಮೇಲೆ ಬಿದ್ದದ್ದಕ್ಕೂ ಚಿತ್ರದೊಳಗೆ ಇದ್ದದ್ದಕ್ಕೂ ಇರುವ ವ್ಯತ್ಯಾಸ. ಮೇಲೆ ಬಿದ್ದದ್ದು ಎಂದರೆ ಫೋಟೊ ತೆಗೆದು ಮುಗಿದ ಬಳಿಕ ಬಂದು ಸೇರಿದ ಕಲೆ, ಬೂಷ್ಟು, ಗೀರು, ಹರಕು. ಒಳಗೆ ಇದ್ದದ್ದು ಎಂದರೆ ಆ ಕ್ಷಣದಲ್ಲಿ ಕ್ಯಾಮೆರಾದ ಎದುರಿಗಿದ್ದದ್ದು. ದುರಸ್ತಿ ಮಾಡುವವರು ಮೊದಲನೆಯದನ್ನು ತೆಗೆಯಬಹುದು, ಎರಡನೆಯದನ್ನು ಮುಟ್ಟಬಾರದು. ಹೇಳುವುದಕ್ಕೆ ಇದು ಸುಲಭ. ಎರಡನ್ನೂ ಬೇರ್ಪಡಿಸಿ ನೋಡುವುದು ಎಷ್ಟು ಕಷ್ಟವೆಂಬುದಕ್ಕೆ ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಕಡೆಯ ಮನೆಗಳಲ್ಲಿ ಉಳಿದಿರಬಹುದಾದ ಫೋಟೊಗಳೇ ಒಳ್ಳೆಯ ನಿದರ್ಶನ.

ಚಾಮರಾಜನಗರದ ಚಾಮರಾಜೇಶ್ವರ ದೇವಾಲಯವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಖಾಸಾ ಚಾಮರಾಜ ಒಡೆಯರ ನೆನಪಿಗಾಗಿ 1826ರಲ್ಲಿ ಕಟ್ಟಿಸಿದರು. ಅರಿಕುಠಾರ ಎಂಬ ಹಳೆಯ ಹೆಸರಿದ್ದ ಊರಿಗೆ ಈಗಿನ ಹೆಸರು ಬಂದದ್ದೂ ಆ ತಂದೆಯ ಹೆಸರಿನಿಂದಲೇ. ಈ ದೇವಾಲಯದ ದೊಡ್ಡ ತೇರು ಆಷಾಢ ಮಾಸದಲ್ಲಿ ನಡೆಯುತ್ತದೆ. ಆಷಾಢದಲ್ಲಿ ಹೊಸದಾಗಿ ಮದುವೆಯಾದ ಹೆಣ್ಣನ್ನು ತವರಿಗೆ ಕಳುಹಿಸುವುದು ಹಳೆಯ ಮೈಸೂರು ಸೀಮೆಯ ರೂಢಿಯಾದರೂ, ಈ ತೇರಿನ ದಿನ ಮಾತ್ರ ನವದಂಪತಿಗಳು ಜೊತೆಯಾಗಿ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ತಿಂಗಳೊಪ್ಪತ್ತಿನ ಅಗಲಿಕೆಯ ನಡುವೆ ಸಿಗುವ ಒಂದು ದಿನವಾದ್ದರಿಂದ ಅಂದು ಫೋಟೊ ತೆಗೆಸಿಕೊಳ್ಳುವ ಆಸೆ ಸಹಜವಾದದ್ದು. ತೆಗೆಯುವವನಿಗೂ ತೇರಿಗಿಂತ ಒಳ್ಳೆಯ ಹಿನ್ನೆಲೆ ಬೇಕಿಲ್ಲ. 2017ರಲ್ಲಿ ಆ ಹಳೆಯ ತೇರು ಬೆಂಕಿಗೆ ಸಿಕ್ಕಿ ಹಾಳಾಯಿತು. ಸುಮಾರು ಐದು ವರ್ಷ ರಥೋತ್ಸವ ನಿಂತುಹೋಗಿ, ಹೊಸ ತೇರು ಸಿದ್ಧವಾದ ಮೇಲೆ 2022ರ ಆಷಾಢದಲ್ಲಿ ಮತ್ತೆ ನಡೆಯಿತು.

ಬಾನುಲಿಯಲ್ಲಿ ಚಿತ್ರ ತೋರಿಸಲಾಗದು. ಆದ್ದರಿಂದ ಅಂಥ ಒಂದು ಫೋಟೊವನ್ನು ಕೇಳುಗರು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಬೇಕು. ಅಂಗೈಯಗಲದ ಕಪ್ಪುಬಿಳುಪಿನ ಚಿತ್ರ. ನಡುವೆ ಗಂಡ ಹೆಂಡತಿ ಒಂದು ಮೊಳ ಅಂತರ ಬಿಟ್ಟು ನಿಂತಿದ್ದಾರೆ. ಅವರ ಎಡಕ್ಕೆ ಹಿಂದೆ ತೇರಿನ ಒಂದು ಗಾಲಿ, ಅದರ ಮೇಲೆ ಕೆತ್ತನೆಯ ಮರದ ತೊಲೆಗಳು, ಇನ್ನೂ ಮೇಲೆ ಬಲಕ್ಕೆ ಚಾಚಿದ ಬಟ್ಟೆಯ ಪತಾಕೆಗಳು. ಬಲಗಡೆಯ ಮೇಲ್ಭಾಗದಲ್ಲಿ ನೀರು ಹರಿದು ಒಣಗಿದ ಕಂದು ಕಲೆ; ಆ ಕಲೆಯ ನಡುವೆ ಕಾಗದದ ಮೇಲಿನ ಪದರವೇ ಎದ್ದುಹೋಗಿ ಬಿಳಿ ಹೊಟ್ಟು ಕಾಣುತ್ತಿದೆ, ಪತಾಕೆಗಳ ಅರ್ಧ ಭಾಗವೂ ಅದರೊಳಗೆ ಹೋಗಿದೆ. ಈ ಚಿತ್ರವನ್ನು ಇಂದಿನ ಯಾವುದೇ ತಂತ್ರಾಂಶಕ್ಕೆ ಕೊಟ್ಟು ಕಲೆಯ ಸುತ್ತ ಗೆರೆ ಎಳೆದು ತುಂಬು ಎಂದು ಆಜ್ಞಾಪಿಸಿದರೆ ಕೆಲವು ಕ್ಷಣಗಳಲ್ಲಿ ಕಲೆ ಮಾಯವಾಗುತ್ತದೆ. ಅದರ ಜೊತೆಗೆ ಪತಾಕೆಗಳೂ ಮಾಯವಾಗಿ ನುಣುಪಾದ ಬೂದು ಆಕಾಶ ಬಂದು ಕೂರುವ ಸಾಧ್ಯತೆಯೇ ಹೆಚ್ಚು. ಗೆರೆಯನ್ನು ಸ್ವಲ್ಪ ಅಗಲವಾಗಿ ಎಳೆದಿದ್ದರಂತೂ ತೇರಿನ ಮೇಲ್ಭಾಗವೇ ಇಲ್ಲದಂತಾಗಿ, ಹೊಸ ಮದುಮಕ್ಕಳು ಯಾವ ಊರಿನದೂ ಅಲ್ಲದ ಬಯಲಿನಲ್ಲಿ ನಿಂತುಬಿಡುತ್ತಾರೆ. ಸುಟ್ಟುಹೋದ ತೇರು ಹೀಗೆ ಎರಡನೆಯ ಬಾರಿಗೆ ಹೋಗುತ್ತದೆ, ಈ ಬಾರಿ ಯಾರಿಗೂ ತಿಳಿಯದಂತೆ.

ತೇರಿನ ಹಿನ್ನೆಲೆ ಬಯಲಿನದು. ಅದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಉಳಿದಿರುವುದು ಸ್ಟುಡಿಯೊದೊಳಗಿನ ಹಿನ್ನೆಲೆ, ಎಂದರೆ ಬಣ್ಣದಲ್ಲಿ ಬರೆದ ಪರದೆ. ಚಾಮರಾಜನಗರಕ್ಕೆ ನಂಜನಗೂಡಿನ ಕಡೆಯಿಂದ ರೈಲು ಬಂದದ್ದು 1926ರಲ್ಲಿ. ಕ್ಯಾಮೆರಾ, ಗಾಜಿನ ಪ್ಲೇಟು, ರಾಸಾಯನಿಕಗಳೆಲ್ಲ ಮೈಸೂರು ಬೆಂಗಳೂರುಗಳಿಂದ ಸುಲಭವಾಗಿ ಬರುವಂತಾದ ಕಾಲದಲ್ಲಿ ಸಣ್ಣ ಊರುಗಳಲ್ಲೂ ಫೋಟೊ ತೆಗೆಸಿಕೊಳ್ಳುವುದು ಮದುವೆ, ಸೀಮಂತ, ಷಷ್ಟಿಪೂರ್ತಿಗಳ ಭಾಗವಾಯಿತು. ನಾಟಕ ಕಂಪನಿಗಳ ಪರದೆಗಳನ್ನು ಹೋಲುವ ಆ ಸ್ಟುಡಿಯೊ ಪರದೆಗಳಲ್ಲಿ ಮೆಟ್ಟಿಲು, ಕಟಕಟೆ, ಹೂಕುಂಡ, ದೂರದಲ್ಲೊಂದು ಕೊಳ ಇರುತ್ತಿದ್ದವು. ರಾಗಿ ಹೊಲದಿಂದ ಬಂದ ಕುಟುಂಬ ಅಂಥ ಅರಮನೆಯ ಮುಂದೆ ಬರಿಗಾಲಿನಲ್ಲಿ ಕುಳಿತಿರುವುದು ಈಗ ನೋಡುವವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಪರದೆ ಆ ಕುಟುಂಬ ಒಪ್ಪಿಕೊಂಡು ದುಡ್ಡು ಕೊಟ್ಟ ಹಿನ್ನೆಲೆ, ಆದ್ದರಿಂದ ಅದು ಆ ಚಿತ್ರದ ಸತ್ಯದ ಒಂದು ಭಾಗ. ಪರದೆಯ ಸುಕ್ಕು, ಎರಡು ಬಟ್ಟೆ ಸೇರಿಸಿ ಹೊಲಿದ ಗೆರೆ, ಪರದೆ ನೆಲ ಮುಟ್ಟುವಲ್ಲಿ ಅದನ್ನು ಮರೆಮಾಡಲು ಹಾಸಿದ ಜಮಖಾನ ಇವೆಲ್ಲ ಒಳಗೆ ಇದ್ದದ್ದು. ಫೋಟೊವನ್ನು ಮಡಚಿ ಲಕೋಟೆಯಲ್ಲಿ ಇಟ್ಟಾಗ ಬಿದ್ದ ಮಡಿಕೆ ಮೇಲೆ ಬಿದ್ದದ್ದು. ತಂತ್ರಾಂಶಕ್ಕೆ ಎರಡೂ ಒಂದೇ ಬಗೆಯ ಗೆರೆ.

ಈ ಪರದೆಗಳಿಂದ ಒಂದು ಲಾಭವೂ ಉಂಟು. ಒಂದು ಸ್ಟುಡಿಯೊದ ಪರದೆ ಹತ್ತು ಹದಿನೈದು ವರ್ಷ ಬಳಕೆಯಲ್ಲಿ ಇದ್ದಿರಬಹುದು. ಅದರ ಮುಂದೆ ನೂರಾರು ಕುಟುಂಬಗಳು ಕುಳಿತು ಎದ್ದಿರುತ್ತವೆ. ಒಂದು ಮನೆಯ ಫೋಟೊದಲ್ಲಿ ಗೆದ್ದಲು ತಿಂದ ಮೂಲೆ ಇನ್ನೊಂದು ಮನೆಯ ಫೋಟೊದಲ್ಲಿ ಪೂರ್ತಿಯಾಗಿ ಉಳಿದಿರುವುದು ಅಸಂಭವವಲ್ಲ. ಅಲ್ಲಿಂದ ಆ ಭಾಗವನ್ನು ಎರವಲು ತಂದು, ಅಳತೆ ಹೊಂದಿಸಿ, ಬೆಳಕಿನ ಏರಿಳಿತ ಸರಿಮಾಡಿ ಕೂರಿಸಿದರೆ ಅದು ಊಹೆಯಾಗುವುದಿಲ್ಲ, ಅದೇ ಪರದೆಯ ಅದೇ ಭಾಗವಾಗುತ್ತದೆ. ಫೋಟೊದ ಹಿಂಬದಿಯಲ್ಲಿ ಒತ್ತಿರುವ ಸ್ಟುಡಿಯೊದ ಮೊಹರು ಇಂಥ ಹುಡುಕಾಟಕ್ಕೆ ದಾರಿ ತೋರುತ್ತದೆ. ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಸ್ಕ್ಯಾನ್ ಮಾಡುವವರು ಕಡಿಮೆ ಎಂಬುದು ಬೇಸರದ ಸಂಗತಿ.

ಇದುವರೆಗೆ ಹೇಳಿದ್ದು ಬಯಲಿನ ಹಿನ್ನೆಲೆ ಮತ್ತು ಪರದೆಯ ಹಿನ್ನೆಲೆ ಎಂಬ ಎರಡು ಬಗೆ. ಇನ್ನು ಅವುಗಳ ಮೇಲೆ ಬೀಳುವ ಹಾನಿಯ ಸ್ವರೂಪವನ್ನು ನೋಡಬಹುದು. ಕಪ್ಪುಬಿಳುಪಿನ ಫೋಟೊ ಕಾಗದದ ಮೇಲೆ ಜೆಲಟಿನ್ ಎಂಬ ಅಂಟಿನಂಥ ಪದರವಿರುತ್ತದೆ. ಅದರೊಳಗೆ ಹುದುಗಿರುವ ಬೆಳ್ಳಿಯ ಸೂಕ್ಷ್ಮ ಕಣಗಳೇ ಚಿತ್ರದ ಕಪ್ಪು. ಜೆಲಟಿನ್ ಪ್ರಾಣಿಗಳ ಎಲುಬು ಮತ್ತು ಚರ್ಮದಿಂದ ತೆಗೆದ ವಸ್ತುವಾದ್ದರಿಂದ ಬೂಷ್ಟಿಗೂ ಹುಳುಗಳಿಗೂ ಅದು ಆಹಾರ. ಗಾಳಿಯ ತೇವಾಂಶ ಶೇಕಡ 65ನ್ನು ಮೀರಿ ಬಹಳ ದಿನ ನಿಂತರೆ ಬೂಷ್ಟು ಬೇರು ಬಿಡುತ್ತದೆ; ಹೆಂಚಿನ ಮನೆಯ ಮಳೆಗಾಲದಲ್ಲಿ ಈ ಮಿತಿ ದಾಟುವುದು ಹೊಸ ಸುದ್ದಿಯಲ್ಲ. ಅಂಚುಗಳಲ್ಲಿ ಬೆಳ್ಳಿ ಮೇಲೆದ್ದು ಕನ್ನಡಿಯಂತೆ ಮಿನುಗುವುದು ಇನ್ನೊಂದು ಲಕ್ಷಣ. ಫೋಟೊಗೆ ಬೆನ್ನಾಗಿ ಅಂಟಿಸಿದ ಅಗ್ಗದ ರಟ್ಟಿನಲ್ಲಿರುವ ಆಮ್ಲ ಕಾಲಕ್ರಮದಲ್ಲಿ ಕಾಗದವನ್ನು ಕಂದಾಗಿಸುತ್ತದೆ. 1970ರ ದಶಕದ ಬಣ್ಣದ ಫೋಟೊಗಳ ಪಾಡು ಬೇರೆ: ಅವುಗಳಲ್ಲಿ ಬೆಳ್ಳಿ ಉಳಿದಿರುವುದಿಲ್ಲ, ಮೂರು ಬಣ್ಣದ್ರವ್ಯಗಳ ಪದರಗಳಿರುತ್ತವೆ, ಆಲ್ಬಮ್ಮಿನ ಕತ್ತಲೆಯಲ್ಲಿ ಇಟ್ಟರೂ ಹಸಿರುನೀಲಿ ದ್ರವ್ಯ ಮೊದಲು ಸವೆಯುವುದರಿಂದ ಇಡೀ ಚಿತ್ರ ಕೆಂಪಗಾಗುತ್ತದೆ. ಇವುಗಳ ಜೊತೆಗೆ ನಮ್ಮ ಕಡೆಯದೇ ಆದ ಹಾನಿಯೊಂದಿದೆ. ಹಿರಿಯರ ಫೋಟೊಗೆ ಹಬ್ಬ ಹಬ್ಬಕ್ಕೂ ಇಡುವ ಕುಂಕುಮ, ಗಂಧ, ಹಾರದಿಂದ ಇಳಿಯುವ ನೀರು, ದೀಪದ ಹೊಗೆ. ಇದನ್ನು ಹಾನಿ ಎನ್ನಲು ಮನಸ್ಸು ಒಪ್ಪುವುದಿಲ್ಲ. ಗಾಜಿನ ಮೇಲಿದ್ದರೆ ಒರೆಸಬಹುದು, ಕಾಗದಕ್ಕೇ ಇಳಿದಿದ್ದರೆ ಅದನ್ನು ತೆಗೆಯಬೇಕೋ ಬೇಡವೋ ಎಂಬುದನ್ನು ಆ ಮನೆಯವರೇ ನಿರ್ಧರಿಸಬೇಕು.

ಗಾಜಿಗೆ ಅಂಟಿಕೊಂಡ ಫೋಟೊವನ್ನು ಬಲವಂತದಿಂದ ಕೀಳಬಾರದು. ಕಿತ್ತರೆ ಚಿತ್ರ ಗಾಜಿನ ಮೇಲೆ, ಕಾಗದ ಕೈಯಲ್ಲಿ ಉಳಿಯುತ್ತದೆ. ಗಾಜಿನೊಡನೆಯೇ ಸ್ಕ್ಯಾನ್ ಮಾಡುವುದು ಕ್ಷೇಮ.

ಹಾನಿಯ ಬಗೆ ತಿಳಿದ ಮೇಲೆ ಬರುವ ಹಂತ ಸ್ಕ್ಯಾನಿಂಗ್. ಸ್ಕ್ಯಾನ್ ಎಂದರೆ ಕಾಗದದ ಚಿತ್ರವನ್ನು ಕಂಪ್ಯೂಟರು ಓದಬಲ್ಲ ಚುಕ್ಕೆಗಳನ್ನಾಗಿ ಪರಿವರ್ತಿಸುವುದು. ಆ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ನಾಲ್ಕು ಇಂಚು ಅಗಲ ಆರು ಇಂಚು ಉದ್ದದ ಫೋಟೊವನ್ನು ಇಂಚಿಗೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 86 ಲಕ್ಷ ಚುಕ್ಕೆಗಳು ದೊರೆಯುತ್ತವೆ. ಮನೆಯ ಫೋಟೊಗೆ ಇಷ್ಟು ಸಾಕು, ಬೆರಳಗಲದ ಪಾಸ್‌ಪೋರ್ಟ್ ಚಿತ್ರವಾದರೆ 1200 ಬೇಕು. ಮೊಬೈಲಿನಲ್ಲಿ ಫೋಟೊದ ಫೋಟೊ ತೆಗೆದು ದುರಸ್ತಿಗೆ ಕಳುಹಿಸುವುದು ಈಗಿನ ರೂಢಿ; ಅದರಲ್ಲಿ ಕೊಠಡಿಯ ಟ್ಯೂಬ್‌ಲೈಟಿನ ಹೊಳಪೂ ಸೇರಿಕೊಂಡು, ದುರಸ್ತಿ ಆರಂಭವಾಗುವ ಮೊದಲೇ ಮೇಲೆ ಬಿದ್ದದ್ದರ ಪಟ್ಟಿಗೆ ಇನ್ನೊಂದು ಸೇರ್ಪಡೆಯಾಗುತ್ತದೆ.

ಇಲ್ಲಿ ಬಹಳ ಮಂದಿ ಮಾಡುವ ಒಂದು ತಪ್ಪನ್ನು ವಿವರವಾಗಿ ಹೇಳಬೇಕು. ಫೋಟೊ ಕಪ್ಪುಬಿಳುಪಿನದೆಂಬ ಕಾರಣಕ್ಕೆ ಸ್ಕ್ಯಾನರನ್ನೂ ಕಪ್ಪುಬಿಳುಪಿಗೆ ಇಡುತ್ತಾರೆ. ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಬೇಕು. ಏಕೆಂದರೆ ಚಿತ್ರಕ್ಕೆ ಬಣ್ಣವಿಲ್ಲದಿದ್ದರೂ ಕಲೆಗೆ ಬಣ್ಣವಿದೆ. ಬಣ್ಣದ ಸ್ಕ್ಯಾನಿನೊಳಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಪ್ರತ್ಯೇಕ ಚಿತ್ರಗಳಿರುತ್ತವೆ. ಇವುಗಳನ್ನು ಚಾನೆಲ್‌ಗಳೆಂದು ಕರೆಯುತ್ತಾರೆ. ಹಳದಿ ಅಥವಾ ಕಂದು ಕಲೆ ನೀಲಿ ಬೆಳಕನ್ನು ನುಂಗಿ ಕೆಂಪು ಬೆಳಕನ್ನು ಹಿಂದಕ್ಕೆ ಕಳುಹಿಸುವುದರಿಂದ, ನೀಲಿ ಚಾನೆಲಿನಲ್ಲಿ ಆ ಕಲೆ ದಟ್ಟ ಕಪ್ಪಾಗಿ ಕಾಣುತ್ತದೆ, ಕೆಂಪು ಚಾನೆಲಿನಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಹೀಗಾಗಿ ಕೆಂಪು ಚಾನೆಲನ್ನು ಮಾತ್ರ ಉಳಿಸಿಕೊಂಡರೆ ಒಂದು ಗೆರೆಯನ್ನೂ ಹೊಸದಾಗಿ ಬರೆಯದೆ ಕಲೆಯ ಬಹುಪಾಲು ಹೊರಟುಹೋಗಿ, ಅದರ ಕೆಳಗೆ ಮುಚ್ಚಿಹೋಗಿದ್ದ ಗೋಡೆಯೋ ಗಿಡವೋ ತಾನಾಗಿ ಮೇಲೆ ಬರುತ್ತದೆ. ಮೊದಲು ಕಲ್ಪಿಸಿಕೊಂಡ ತೇರಿನ ಫೋಟೊದಲ್ಲಿ ಪದರ ಎದ್ದುಹೋದ ಬಿಳಿ ಭಾಗವನ್ನು ಬಿಟ್ಟರೆ ಉಳಿದ ಕಂದು ಭಾಗದಿಂದ ಪತಾಕೆಯ ಬಟ್ಟೆ ಹೀಗೆ ಹಿಂದಿರುಗಬಹುದು. ತಂತ್ರಾಂಶದ ಇಡೀ ಬತ್ತಳಿಕೆಯಲ್ಲಿ ಇಷ್ಟು ಪ್ರಾಮಾಣಿಕವಾದ ಉಪಾಯ ಇನ್ನೊಂದಿಲ್ಲ. ಇದು ತುಂಬುವ ಉಪಾಯವಲ್ಲ, ಹೊರತೆಗೆಯುವ ಉಪಾಯ.

ಕಲೆಯನ್ನು ಬಣ್ಣದಿಂದ ಬೇರ್ಪಡಿಸಬಹುದು ಎಂದಾಯಿತು. ಬಣ್ಣದ ವ್ಯತ್ಯಾಸವಿಲ್ಲದ ಹರಕು, ಗೀರು, ತೂತುಗಳಿಗೆ ಮಾತ್ರ ತುಂಬುವ ಸಲಕರಣೆಗಳು ಬೇಕಾಗುತ್ತವೆ. ತಂತ್ರಾಂಶಗಳು ಬರುವ ಮೊದಲು ಈ ಕೆಲಸವನ್ನು ಸ್ಟುಡಿಯೊದವರು ಕೈಯಿಂದಲೇ ಮಾಡುತ್ತಿದ್ದರು. ಟಚಿಂಗ್ ಎಂದು ಕರೆಯುತ್ತಿದ್ದ ಆ ಕೆಲಸದಲ್ಲಿ ನೆಗೆಟಿವಿನ ಮೇಲೆ ಮೊನೆಯಾದ ಪೆನ್ಸಿಲಿನಿಂದ ಮುಖದ ಕಲೆ ಮುಚ್ಚುವುದು, ಪ್ರಿಂಟಿನ ಬಿಳಿ ಚುಕ್ಕೆಗಳಿಗೆ ಸಣ್ಣ ಕುಂಚದಿಂದ ಬಣ್ಣ ಮುಟ್ಟಿಸುವುದು ಸೇರಿತ್ತು. ಹಿನ್ನೆಲೆಯೇ ಬೇಡವೆಂದಾದರೆ ನೆಗೆಟಿವಿನ ಆ ಭಾಗಕ್ಕೆ ಬೆಳಕು ದಾಟದ ಕೆಂಪು ಬಣ್ಣ ಬಳಿಯುತ್ತಿದ್ದರು. ಪ್ರಿಂಟಿನಲ್ಲಿ ಅಲ್ಲಿ ಬರಿಯ ಬಿಳಿ ಉಳಿಯುತ್ತಿತ್ತು. ಹಿನ್ನೆಲೆ ಅಳಿಸುವ ಚಪಲ ಕಂಪ್ಯೂಟರಿನೊಡನೆ ಹುಟ್ಟಿದ್ದಲ್ಲ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು.

ಫೋಟೊಶಾಪ್ 1990ರಲ್ಲಿ ಹೊರಬಂತು. ಗಿಂಪ್ ಎಂಬ ಉಚಿತ ತಂತ್ರಾಂಶ 1996ರಲ್ಲಿ ಬಳಕೆಗೆ ಬಂತು. ಇವುಗಳಲ್ಲಿನ ಅತ್ಯಂತ ಹಳೆಯ ದುರಸ್ತಿ ಸಲಕರಣೆ ಕ್ಲೋನ್ ಸ್ಟಾಂಪ್: ಚಿತ್ರದ ಒಳ್ಳೆಯ ಭಾಗವೊಂದರಿಂದ ಪಿಕ್ಸೆಲ್‌ಗಳನ್ನು ಎತ್ತಿ ಕೆಟ್ಟ ಭಾಗದ ಮೇಲೆ ಒತ್ತುವುದು, ಸೀರೆಯ ಸೆರಗಿಗೆ ಅಚ್ಚು ಒತ್ತಿದಂತೆ. ಎಲ್ಲಿಂದ ಎತ್ತಿದ್ದೆಂಬುದು ದುರಸ್ತಿಗಾರನಿಗೆ ತಿಳಿದೇ ಇರುತ್ತದೆ. 2002ರಲ್ಲಿ ಬಂದ ಹೀಲಿಂಗ್ ಬ್ರಷ್ ಒಂದು ಕಡೆಯಿಂದ ಮೇಲ್ಮೈಯ ನೆಯ್ಗೆಯನ್ನು ತಂದು, ಬೆಳಕನ್ನು ಮಾತ್ರ ಸುತ್ತಲಿನ ಜಾಗಕ್ಕೆ ಹೊಂದಿಸಿಕೊಳ್ಳುತ್ತದೆ. ಬೂಷ್ಟಿನ ಚುಕ್ಕೆಗಳಿಗೂ ಕೂದಲೆಳೆಯ ಗೀರುಗಳಿಗೂ ಇದಕ್ಕಿಂತ ಒಳ್ಳೆಯದಿಲ್ಲ. 2010ರಲ್ಲಿ ಬಂದ ಕಂಟೆಂಟ್ ಅವೇರ್ ಫಿಲ್ ಎಂಬುದು ಚಿತ್ರವನ್ನೆಲ್ಲ ತಾನೇ ಜಾಲಾಡಿ, ತೂತಿನ ಅಂಚಿಗೆ ಹೊಂದುವ ತುಣುಕುಗಳನ್ನು ಆರಿಸಿ ಹೊಲಿಯುತ್ತದೆ. ತುಣುಕುಗಳು ಅದೇ ಚಿತ್ರದವು, ಆದರೆ ಯಾವುದು ಎಲ್ಲಿಂದ ಬಂತೆಂದು ಹೇಳುವವರಿಲ್ಲ. ಕಟಕಟೆಯ ಪರದೆಗೆ ಇದನ್ನು ಹಚ್ಚಿದರೆ ಏಳು ಕಂಬ ಇದ್ದಲ್ಲಿ ಒಂಬತ್ತು ಕಂಬವಾಗುವುದುಂಟು. 2023ರಲ್ಲಿ ಬಂದ ಜನರೇಟಿವ್ ವಿಧಾನ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅದು ಲೆಕ್ಕವಿಲ್ಲದಷ್ಟು ಬೇರೆ ಚಿತ್ರಗಳಿಂದ ಕಲಿತ ಅಭ್ಯಾಸಬಲದಿಂದ, ಈ ಚಿತ್ರದಲ್ಲಿ ಎಂದೂ ಇಲ್ಲದ ಗೋಡೆ, ಕಿಟಕಿ, ಮರಗಳನ್ನು ಹೊಸದಾಗಿ ಸೃಷ್ಟಿಸುತ್ತದೆ.

ಎರವಲು ಹತ್ತಿರದಿಂದ ದೂರಕ್ಕೆ, ದೂರದಿಂದ ಎಲ್ಲಿಯದೋ ಗೊತ್ತಿಲ್ಲದ ಕಡೆಗೆ ಸರಿದಿರುವುದನ್ನು ಕೇಳುಗರು ಗಮನಿಸಿರಬಹುದು. ಇದರ ಪರಿಣಾಮ ಎದ್ದು ಕಾಣುವುದು ಬೋರ್ಡುಗಳಲ್ಲಿ. ಬೀದಿಯ ಫೋಟೊಗಳ ಹಿನ್ನೆಲೆಯಲ್ಲಿ ಅಂಗಡಿಯ ಫಲಕ, ಶಾಲೆಯ ಹೆಸರು, ಬಸ್ಸಿನ ಹಣೆಪಟ್ಟಿ ಅರ್ಧಂಬರ್ಧ ಕಾಣುತ್ತಿರುತ್ತವೆ. ಸರ್ಕಾರಿ ಫಲಕದಲ್ಲಿ ಮೈಸೂರು ರಾಜ್ಯ ಎಂದಿದ್ದರೆ ಅದು ಬಹುಮಟ್ಟಿಗೆ 1973ರ ನವೆಂಬರಿಗಿಂತ ಹಿಂದಿನದು, ಏಕೆಂದರೆ ಆಗ ರಾಜ್ಯದ ಹೆಸರು ಕರ್ನಾಟಕವೆಂದಾಯಿತು. ಗುಂಡ್ಲುಪೇಟೆಯ ಫಲಕವೊಂದರಲ್ಲಿ ಮೈಸೂರು ಜಿಲ್ಲೆ ಎಂದಿದ್ದರೆ ಅದು ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದ 1997ಕ್ಕಿಂತ ಹಿಂದೆ ಬರೆದದ್ದು. ಕೊಳ್ಳೇಗಾಲದ ಕಡೆಯ ಚಿತ್ರವಾದರೆ 1956ರವರೆಗೆ ಆ ತಾಲ್ಲೂಕು ಮದರಾಸು ಸರ್ಕಾರದ ಕೊಯಮತ್ತೂರು ಜಿಲ್ಲೆಯಲ್ಲಿತ್ತೆಂಬುದನ್ನು ನೆನೆಯಬೇಕು. ಹಿನ್ನೆಲೆಯ ತಮಿಳು ಅಕ್ಷರ ಅಲ್ಲಿ ತಪ್ಪಲ್ಲ, ಕಾಲಸೂಚಕ. ದಿನಾಂಕ ಬರೆಯದ ಫೋಟೊಗೆ ಇಂಥ ಮೂರಕ್ಷರವೇ ಪಂಚಾಂಗ. ಜನರೇಟಿವ್ ವಿಧಾನ ಈ ಮಾಸಿದ ಅಕ್ಷರಗಳನ್ನು ತಿದ್ದಲು ಹೋದಾಗ ಕನ್ನಡದಂತೆ ಕಾಣುವ, ಆದರೆ ಯಾವ ಅಕ್ಷರವೂ ಅಲ್ಲದ ಸುರುಳಿಗಳನ್ನು ಬರೆದಿಡುವುದು ಸಾಮಾನ್ಯ. ಮಾಸಿದ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದಲು ಅವಕಾಶವಿತ್ತು. ತಿದ್ದಿದ ಮೇಲೆ ಅದೂ ಇಲ್ಲ.

ಸಲಕರಣೆಗಳ ಸ್ವಭಾವ ಹೀಗಿರುವುದರಿಂದ, ಮುಟ್ಟುವ ಮೊದಲು ಯಾವುದು ಮೇಲಿನದು ಯಾವುದು ಒಳಗಿನದು ಎಂದು ಪತ್ತೆ ಮಾಡುವ ಜಾಣ್ಮೆಯೇ ಮುಖ್ಯವಾಗುತ್ತದೆ. ಗುಂಡ್ಲುಪೇಟೆಯ ಎರಡು ಜಾಗಗಳು ಇದಕ್ಕೆ ಒಳ್ಳೆಯ ಪಾಠಶಾಲೆ. ಮೊದಲನೆಯದು ಊರಿನ ಹೊಳೆಯ ಬಳಿಯ ಪರವಾಸುದೇವ ದೇವಾಲಯ. ಚಿಕ್ಕದೇವರಾಜ ಒಡೆಯರ ಕಾಲದ ಈ ಗುಡಿ ಬಹುಕಾಲ ಪಾಳುಬಿದ್ದಿತ್ತು. ಅಂಥ ಗುಡಿಯ ಮುಂದೆ ನಿಂತವರ ಹಳೆಯ ಫೋಟೊದಲ್ಲಿ ಹಿನ್ನೆಲೆಯ ತುಂಬ ಬಿರುಕುಗಳಿದ್ದರೆ ಅವು ಗೋಡೆಯವೋ ಕಾಗದದವೋ ಎಂಬ ಪ್ರಶ್ನೆ ಏಳುತ್ತದೆ. ಕಾಗದದ ಬಿರುಕಿಗೆ ಚಿತ್ರದೊಳಗಿನ ವಸ್ತುಗಳ ಪರಿವೆಯಿಲ್ಲ. ಅದು ಗೋಡೆಯಿಂದ ಹೊರಟು ಮನುಷ್ಯನ ತೋಳನ್ನು ಹಾದು ಆಕಾಶಕ್ಕೂ ಏರುತ್ತದೆ. ಗೋಡೆಯ ಬಿರುಕು ಗೋಡೆ ಮುಗಿಯುವಲ್ಲಿ ಮುಗಿಯುತ್ತದೆ, ಕಲ್ಲಿನ ಸಂದಿಯನ್ನು ಅನುಸರಿಸುತ್ತದೆ, ಕೆಲವೊಮ್ಮೆ ಅದರೊಳಗಿಂದ ಒಂದು ಅರಳಿ ಗಿಡವೂ ಇಣುಕುತ್ತದೆ. ಮೊದಲನೆಯದನ್ನು ಹೀಲಿಂಗ್ ಬ್ರಷ್ಷಿನಿಂದ ಮುಚ್ಚಬೇಕು. ಎರಡನೆಯದನ್ನು ಮುಚ್ಚಿದರೆ ಪಾಳುಗುಡಿಗೆ ಕಂಪ್ಯೂಟರಿನಲ್ಲಿ ಜೀರ್ಣೋದ್ಧಾರ ಮಾಡಿದಂತಾಗುತ್ತದೆ, ಖರ್ಚಿಲ್ಲದೆ.

ಎರಡನೆಯ ಜಾಗ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಬಂಡೀಪುರದ ಕಾಡಿನೊಳಗೆ ಸುಮಾರು 1450 ಮೀಟರ್ ಎತ್ತರದಲ್ಲಿರುವ ಈ ಬೆಟ್ಟಕ್ಕೆ ಆ ಹೆಸರು ಬಂದದ್ದೇ ಅಲ್ಲಿ ಸದಾ ಕವಿಯುವ ಮಂಜಿನಿಂದ. ಅಲ್ಲಿ ತೆಗೆಸಿಕೊಂಡ ಫೋಟೊಗಳಲ್ಲಿ ದೇವಾಲಯದ ಗೋಪುರ ಅರ್ಧ ಕರಗಿ, ಹಿಂದೆ ಬರಿಯ ಬಿಳುಪು ಉಳಿದಿರುವುದು ಸಹಜ. ಫೋಟೊ ಮಾಸಿದಾಗಲೂ ಹೀಗೆಯೇ ಬಿಳುಪೇರುತ್ತದೆ. ಇವೆರಡನ್ನೂ ಬೇರ್ಪಡಿಸಲು ಮುಂದೆ ನಿಂತವರ ತಲೆಗೂದಲನ್ನೋ ಕಪ್ಪು ಕೋಟನ್ನೋ ನೋಡಬೇಕು. ಕೋಟು ಕೂಡ ಬೂದುಬಣ್ಣಕ್ಕೆ ತಿರುಗಿದ್ದರೆ ಚಿತ್ರ ಮಾಸಿದೆ. ಕೋಟು ಕಡುಕಪ್ಪಾಗಿದ್ದು ಹಿಂದಿನದು ದೂರ ದೂರಕ್ಕೆ ತೆಳುವಾಗುತ್ತ ಹೋಗಿದ್ದರೆ ಅದು ಮಂಜು. ತಂತ್ರಾಂಶಗಳಲ್ಲಿ ಮುಸುಕು ತೆಗೆಯುವ ಗುಂಡಿಯೊಂದಿದೆ. ಅದನ್ನು ಎಳೆದ ಕೂಡಲೇ ಗೋಪುರ ಗರಿಗರಿಯಾಗಿ ಎದ್ದು ನಿಲ್ಲುತ್ತದೆ, ನೋಡಿದವರು ಭೇಷ್ ಎನ್ನುತ್ತಾರೆ. ಆದರೆ ಹಿಮವದ್ ಗೋಪಾಲಸ್ವಾಮಿಯ ಹೆಸರಿನಲ್ಲಿರುವ ಹಿಮವೇ ಅಲ್ಲಿ ಹೊರಟುಹೋಗಿರುತ್ತದೆ.

ಬಿರುಕು ಮತ್ತು ಮಂಜಿನ ಪರೀಕ್ಷೆ ಮುಗಿದ ಮೇಲೂ ಕೆಲವು ಜಾಗಗಳಲ್ಲಿ ಕೆಳಗೇನಿತ್ತೆಂದು ತಿಳಿಯುವ ಮಾರ್ಗವೇ ಇರುವುದಿಲ್ಲ, ಪದರವೇ ಹೋಗಿರುತ್ತದೆ. ಅಲ್ಲಿ ಏನು ಮಾಡಬೇಕೆಂಬುದಕ್ಕೆ ಈ ಸೀಮೆಯಲ್ಲೇ ನೂರು ವರ್ಷಕ್ಕೂ ಹಳೆಯ ಮಾದರಿಯೊಂದಿದೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ನಾಲ್ಕನೆಯ ಸಂಪುಟ 1898ರಲ್ಲಿ ಪ್ರಕಟವಾಯಿತು. ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ಮಳೆಬಿಸಿಲಿಗೆ ನಿಂತ ಕಲ್ಲುಗಳಲ್ಲಿ ಅಕ್ಷರಗಳು ಅಲ್ಲಲ್ಲಿ ಅಳಿಸಿಹೋಗಿರುತ್ತವೆ. ಶಾಸನ ಓದುವವರು ಅಂಥ ಭಾಗವನ್ನು ತ್ರುಟಿತ ಎನ್ನುತ್ತಾರೆ. ಅವರ ಕ್ರಮದಲ್ಲಿ ಪೂರ್ತಿ ಹೋದ ಅಕ್ಷರಗಳ ಜಾಗದಲ್ಲಿ ಚುಕ್ಕೆಗಳನ್ನಿಡುತ್ತಾರೆ. ಸಂದರ್ಭದಿಂದ ಖಚಿತವಾಗಿ ಊಹಿಸಬಹುದಾದ ಅಕ್ಷರವನ್ನು ಆವರಣದೊಳಗೆ ಬರೆಯುತ್ತಾರೆ. ಚುಕ್ಕೆಗಳಿದ್ದರೆ ಪುಟದ ಅಂದ ಕೆಡುತ್ತದೆಂದು ಯಾವ ಶಾಸನತಜ್ಞನೂ ಅಲ್ಲಿಗೊಬ್ಬ ರಾಜನ ಹೆಸರನ್ನು ತುಂಬುವುದಿಲ್ಲ. ಹಳೆಯ ಭಿತ್ತಿಚಿತ್ರಗಳ ದುರಸ್ತಿಯಲ್ಲಿ ರೋಮ್ ನಗರದ ತಜ್ಞರು ಕಳೆದ ಶತಮಾನದಲ್ಲಿ ರೂಪಿಸಿದ ವಿಧಾನವೂ ಇದಕ್ಕೆ ಹತ್ತಿರವಾದದ್ದು: ಬಣ್ಣ ಉದುರಿದ ಜಾಗವನ್ನು ನೇರ ನಿಂತ ಸಣ್ಣ ಸಣ್ಣ ಗೆರೆಗಳಿಂದ ತುಂಬುತ್ತಾರೆ, ದೂರದಿಂದ ಚಿತ್ರ ಪೂರ್ಣವಾಗಿ ಕಾಣುತ್ತದೆ, ಹತ್ತಿರ ಹೋದರೆ ತುಂಬಿದ್ದೆಷ್ಟು ಮೂಲದ್ದೆಷ್ಟು ಎಂಬುದು ಗೆರೆಯಿಂದಲೇ ತಿಳಿಯುತ್ತದೆ.

ಫೋಟೊ ದುರಸ್ತಿಗೆ ಈ ಕ್ರಮವನ್ನು ಅಳವಡಿಸುವುದು ಕಷ್ಟವಲ್ಲ. ತಂತ್ರಾಂಶಗಳಲ್ಲಿ ಲೇಯರ್ ಎಂಬ ಅನುಕೂಲವಿದೆ. ಮೂಲ ಚಿತ್ರದ ಮೇಲೆ ಪಾರದರ್ಶಕ ಹಾಳೆಯೊಂದನ್ನು ಹಾಸಿ ಅದರ ಮೇಲೆ ಮಾತ್ರ ತಿದ್ದಿದಂತೆ ಇದು ಕೆಲಸ ಮಾಡುತ್ತದೆ. ಹಾಳೆ ಎತ್ತಿದರೆ ಮೂಲ ಮೊದಲಿದ್ದಂತೆಯೇ ಇರುತ್ತದೆ. ಕಲೆ ತೆಗೆದದ್ದಕ್ಕೊಂದು ಹಾಳೆ, ಇನ್ನೊಂದು ಫೋಟೊದಿಂದ ಎರವಲು ತಂದದ್ದಕ್ಕೊಂದು ಹಾಳೆ, ಬರಿಯ ಊಹೆಗೊಂದು ಹಾಳೆ ಎಂದು ಬೇರೆ ಬೇರೆ ಇಟ್ಟರೆ ಮುಂದೆ ನೋಡುವವರು ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಸರಿಸಬಹುದು. ಮೂಲ ಸ್ಕ್ಯಾನನ್ನು ಟಿಫ್ ಎಂಬ ರೂಪದಲ್ಲಿ ಉಳಿಸುವುದು ಲೇಸು; ಮೊಬೈಲಿನಲ್ಲಿ ಹಂಚಿಕೊಳ್ಳುವ ಜೆಪೆಗ್ ರೂಪ ಪ್ರತಿಸಲ ತಿದ್ದಿ ಉಳಿಸಿದಾಗಲೂ ಸ್ವಲ್ಪ ಸ್ವಲ್ಪ ವಿವರವನ್ನು ಬಿಡುತ್ತ ಹೋಗುತ್ತದೆ.

ಇಷ್ಟಾದರೂ ಮನೆಯವರಿಗೆ ಬೇಕಾದದ್ದು ಬೇರೆ ಇರಬಹುದೆಂಬುದನ್ನು ಮರೆಯುವಂತಿಲ್ಲ. ಅಜ್ಜನ ವರ್ಷಾಬ್ದಿಕಕ್ಕೆ ಗೋಡೆಗೆ ಹಾಕಲು ಒಂದು ಚೊಕ್ಕ ಚಿತ್ರ ಬೇಕೆಂದು ಬರುವವರಿಗೆ ತ್ರುಟಿತದ ತತ್ತ್ವ ಹೇಳಿದರೆ ಪ್ರಯೋಜನವಿಲ್ಲ. ಗುಂಪಿನ ಫೋಟೊದಿಂದ ಅಜ್ಜನೊಬ್ಬನನ್ನೇ ಕತ್ತರಿಸಿ ತೆಗೆದು, ಹಿಂದೆ ನೀಲಿ ಬಳಿದು, ಕಿವಿಯ ಅಂಚು ಸ್ವಲ್ಪ ಹಾರಿಹೋದರೂ ಸರಿಯೆಂದು ಫ್ಲೆಕ್ಸಿಗೆ ಕಳುಹಿಸುವುದು ಎಲ್ಲ ಊರುಗಳಲ್ಲೂ ನಡೆಯುತ್ತಿದೆ. ಆ ನೀಲಿ ಯಾವ ಸೀಮೆಯ ಆಕಾಶದ್ದೂ ಅಲ್ಲ. ಆದರೂ ಅದರ ಮುಂದೆ ದೀಪ ಹಚ್ಚುವವರ ಭಕ್ತಿ ಸುಳ್ಳಲ್ಲ. ಆದ್ದರಿಂದ ಎರಡು ಪ್ರತಿ ಮಾಡುವುದು ವಿವೇಕ. ಒಂದು ಗೋಡೆಗೆ, ಮನೆಯವರ ಇಚ್ಛೆಯಂತೆ. ಇನ್ನೊಂದು ದಾಖಲೆಗೆ, ಚಿತ್ರದೊಳಗೆ ಇದ್ದದ್ದರಂತೆ. ದಾಖಲೆಯ ಪ್ರತಿಯ ಕಡತದಲ್ಲೇ ವಿವರಣೆ ಬರೆಯಲು ಜಾಗವಿರುತ್ತದೆ. ಯೂನಿಕೋಡ್ ಬಂದ ಮೇಲೆ ಅಲ್ಲಿ ಕನ್ನಡದಲ್ಲಿಯೇ ಬರೆಯಲು ಅಡ್ಡಿಯಿಲ್ಲ.

ಮೊದಲು ಕಲ್ಪಿಸಿಕೊಂಡ ಆ ತೇರಿನ ಫೋಟೊಗೆ ಅಂಥ ವಿವರಣೆ ಹೀಗಿರಬಹುದು: ಚಾಮರಾಜೇಶ್ವರನ ಆಷಾಢದ ತೇರು, ಹಳೆಯ ರಥ, ಕಂದು ಕಲೆಯನ್ನು ಕೆಂಪು ಚಾನೆಲಿನಿಂದ ತೆಗೆದಿದೆ, ಗೀರುಗಳನ್ನು ಮುಚ್ಚಿದೆ, ಬಲಗಡೆಯ ಮೇಲಿನ ಮೂಲೆ ತ್ರುಟಿತ. ಆ ಮೂಲೆಯಲ್ಲಿ ಪತಾಕೆಯನ್ನೂ ಬರೆದಿಲ್ಲ, ಆಕಾಶವನ್ನೂ ತುಂಬಿಲ್ಲ; ಬರಿಯ ಬೂದು ಬಣ್ಣ ಬಿಟ್ಟಿದೆ. ಅದೇ ವರ್ಷದ ಆಷಾಢದಲ್ಲಿ ಅದೇ ತೇರಿನ ಇನ್ನೊಂದು ಮಗ್ಗುಲಿಗೆ ನಿಂತು ಫೋಟೊ ತೆಗೆಸಿಕೊಂಡ ಇನ್ನೊಂದು ಜೋಡಿಯ ಮನೆಯ ಟ್ರಂಕು ತೆರೆಯುವವರೆಗೆ ಆ ಬೂದು ಅಲ್ಲಿ ಹಾಗೆಯೇ ಇರುತ್ತದೆ.